ಹಲ್ಲಿನ ಕುರ್ಚಿಯ ಮೇಲೆ ಗೇರ್ ಸೈಕಲ್ಲು

ಹಲ್ಲಿನ ಡಾಕ್ಟರುಗಳಿಗೆ ಒಂದು ಗುಪ್ತ ಅಹಂಕಾರ ಇರುತ್ತದೆ. ಹೃದಯದ ಡಾಕ್ಟರಿಗೆ ಇರುವಂಥ ದೊಡ್ಡ ಅಹಂಕಾರವಲ್ಲ. ಅಷ್ಟು ದೊಡ್ಡದನ್ನು ಇಟ್ಟುಕೊಳ್ಳಲು ನಮ್ಮ ದವಾಖಾನೆಯಲ್ಲಿ ಜಾಗವೂ ಇರುವುದಿಲ್ಲ. ನಮ್ಮದು ಬರೀ ಮಣಿಕಟ್ಟಿನ ಅಹಂಕಾರ. ಜಗತ್ತಿನಲ್ಲಿ ಗಟ್ಟಿಯಾಗಿ ಕೂತದ್ದು ಏನೇ ಇರಲಿ, ಸರಿಯಾದ ಕಡೆ ಹಿಡಿದು ಸರಿಯಾದ ದಿಕ್ಕಿಗೆ ಒಂಚೂರು ತಿರುವಿದರೆ ಎದ್ದು ಬರುತ್ತದೆ ಎಂದು ನಾವು ಒಳಗೊಳಗೇ ನಂಬಿರುತ್ತೇವೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿಯಾದರೆ, ಮದುವೆ ಮನೆಯಲ್ಲಿ ಬೀಗರ ಟ್ರಂಕಿನ ಕೀಲಿ ಸಿಕ್ಕಿಕೊಂಡರೆ, ಯಾರೂ ಕರೆಯದಿದ್ದರೂ ನಾನು ತೋಳು ಮಡಚಿಕೊಂಡು ಮುಂದೆ ಹೋಗಿ ನಿಲ್ಲುತ್ತೇನೆ. ಅದರಲ್ಲೂ ನಾನು ದವಾಖಾನೆ ಇಟ್ಟುಕೊಂಡಿರುವುದು ಇಳಕಲ್ಲಿನಲ್ಲಿ. ಇಲ್ಲಿ ನೆಲದೊಳಗಿನ ಕೆಂಪು ಕಲ್ಲೂ ಹಿರಿಯರ ದವಡೆಯೊಳಗಿನ ಹಲ್ಲೂ ಒಂದೇ ಜಾತಿಯವು. ಜೀವಮಾನವೆಲ್ಲ ಖಟಕ್ ರೊಟ್ಟಿ ಕಡಿದು ಬೇರು ಬಿಟ್ಟ ಹಲ್ಲುಗಳನ್ನು ಕಿತ್ತವನಿಗೆ ಒಂದು ಸೈಕಲ್ಲಿನ ಬ್ರೇಕು ಯಾವ ಲೆಕ್ಕ ಎಂದು ನಾನು ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು, ಅದನ್ನು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿದ್ದರಲ್ಲಿ.

ಸೈಕಲ್ಲು ನನ್ನದೇ. ಗುಡ್ಡ ಹತ್ತುವ ಗೇರ್ ಸೈಕಲ್ಲು. ಎರಡೂ ಗಾಲಿಗೆ ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಡಿಸ್ಕ್ ಬ್ರೇಕು. ಹಿಂದೊಮ್ಮೆ ನನ್ನ ಹೊಟ್ಟೆ ಅಂಗಿಯ ಗುಂಡಿಗಳ ಜತೆ ಜಗಳ ತೆಗೆದಾಗ ಉತ್ಸಾಹದಿಂದ ತಂದದ್ದು. ಕೆಲವು ವಾರ ಬೆಳಿಗ್ಗೆ ಹುನಗುಂದದ ರಸ್ತೆಯಲ್ಲಿ ಹೋಗಿ, ದಾರಿಯಲ್ಲಿ ಬಿಸಿ ಮಿರ್ಚಿ ಭಜಿ ತಿಂದು ವಾಪಸು ಬರುತ್ತಿದ್ದೆ. ಹೊಟ್ಟೆ ಕರಗಲಿಲ್ಲ, ಭಜಿಯವನ ಪರಿಚಯ ಗಟ್ಟಿಯಾಯಿತು. ಆಮೇಲೆ ಸೈಕಲ್ಲು ಹಿತ್ತಿಲ ಪಡಸಾಲೆ ಸೇರಿತು. ಅಲ್ಲಿ ಅದಕ್ಕೆ ನಿಜವಾದ ಉದ್ಯೋಗ ಸಿಕ್ಕಿತು. ಹ್ಯಾಂಡಲ್ಲಿಗೆ ಬೆಳ್ಳುಳ್ಳಿ ಗೊಂಚಲು, ಸೀಟಿಗೆ ಕೈಚೀಲ, ನಡುವಿನ ಕಬ್ಬಿಣಕ್ಕೆ ನೀರು ಸೋರುವ ಸೀರೆಗಳು. ಹಿತ್ತಿಲಿಗೆ ಹೋದಾಗಲೆಲ್ಲ ಅದು ನನ್ನತ್ತ ನೋಡುತ್ತಿತ್ತು; ನಾನು ಅದರತ್ತ ನೋಡುತ್ತಿರಲಿಲ್ಲ.

ಹೀಗೆ ಶಾಂತವಾಗಿದ್ದ ಸಂಸಾರದಲ್ಲಿ ಒಂದು ಸೋಮವಾರ ಸಂಜೆ ನನ್ನ ಹೆಂಡತಿ ಗಿರಿಜಾ ಬೆಳ್ಳುಳ್ಳಿ ಗೊಂಚಲನ್ನು ತೆಗೆದು ಗೋಡೆಯ ಮೊಳೆಗೆ ಹಾಕಿದಳು. ಅವಳು ಹುನಗುಂದದ ಸಾಲಿಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಅಲ್ಲಿನ ಅಕ್ಕೋರುಗಳೆಲ್ಲ ಸೇರಿ ರವಿವಾರ ಬಾದಾಮಿಯಿಂದ ಶಿವಯೋಗ ಮಂದಿರದವರೆಗೆ ಸೈಕಲ್ ಮೇಲೆ ಹೋಗುವುದೆಂದು ಠರಾಯಿಸಿದ್ದರಂತೆ. ಸೈಕಲ್ಲುಗಳನ್ನು ಟೆಂಪೋದಲ್ಲಿ ಬಾದಾಮಿಗೆ ಒಯ್ಯುವುದು, ಅಲ್ಲಿಂದ ತುಳಿಯುವುದು, ಮಲಪ್ರಭೆಯ ದಂಡೆಯಲ್ಲಿ ಕೂತು ಊಟ ಮಾಡುವುದು. ಇದನ್ನು ಮಾತಾಡುವಾಗ ಸುನಂದಾ ಎಂಬ ಅಕ್ಕೋರು ಗಿರಿಜಾಳ ಕಡೆ ನೋಡಿ, “ನೀವು ಟೆಂಪೋದಾಗ ರೊಟ್ಟಿ ಬುಟ್ಟಿ ಹಿಡಕೊಂಡು ಬರ್ರಿ ಅಕ್ಕಾರ, ನಿಮಗ ಸೈಕಲ್ಲು ಆಗೂದಿಲ್ಲ” ಅಂದಿದ್ದರು. 

ಗಿರಿಜಾ ಕೆರೂರಿನವಳು. ಹುಡುಗಿಯಾಗಿದ್ದಾಗ ಅಣ್ಣನ ದೊಡ್ಡ ಸೈಕಲ್ಲನ್ನು ಕದ್ದು, ನಡುವಿನ ದಂಡಿಗೆಯ ಕೆಳಗೆ ಕಾಲು ತೂರಿಸಿ, ವಾರದ ಸಂತೆಯ ಜನದ ನಡುವೆ ತುಳಿದವಳು. ಒಮ್ಮೆ ಬದನೆಕಾಯಿ ಗುಂಪೆಯೊಳಗೆ ನುಗ್ಗಿ, ಆ ಗುಂಪೆಯನ್ನು ಅವರಪ್ಪನೇ ಕೊಂಡುಕೊಳ್ಳುವಂತಾಗಿ, ಮನೆಯಲ್ಲಿ ಎಲ್ಲರೂ ಬದನೆಕಾಯಿಯ ಹೆಸರೆತ್ತಿದರೆ ಅಳುವ ಸ್ಥಿತಿ ಬಂದಿತ್ತೆಂದು ನಮ್ಮತ್ತೆ ಈಗಲೂ ಹೇಳುತ್ತಾರೆ. ಅಂಥವಳಿಗೆ ಬುಟ್ಟಿ ಹಿಡಕೊಂಡು ಬಾ ಅಂದರೆ? ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಅಭ್ಯಾಸವಿತ್ತು. ಸುಮ್ಮನೆ ಸೈಕಲ್ಲಿನ ಧೂಳು ಒರೆಸತೊಡಗಿದಳು, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಒರೆಸಿ, ಹ್ಯಾಂಡಲ್ ಹಿಡಿದು ನೂಕಿದಳು. ಹಿಂದಿನ ಗಾಲಿ ತಿರುಗಿತು. ಮುಂದಿನದು ನೆಲ ಕಚ್ಚಿ ಎಮ್ಮೆಯಂತೆ ನಿಂತಿತು.

“ರೀ, ಮುಂದಿನ ಗಾಲಿ ತಿರಗವಲ್ದು.”

ನಾನು ಬಗ್ಗಿ ನೋಡಿದೆ. ಸೀರೆಗಳಿಂದ ಸೋರಿದ ನೀರು, ಊರಿನ ಕಲ್ಲಿನ ಧೂಳು ಎರಡೂ ಕೂಡಿ ಬ್ರೇಕಿನ ಬಾಯಿ ಸಿಮೆಂಟಿನಂತೆ ಕಟ್ಟಿಕೊಂಡಿತ್ತು. ಬ್ರೇಕು ಹಿಡಿದದ್ದು ಹಿಡಿದ ಹಾಗೇ ಇತ್ತು. “ಇದಕ್ಯಾಕ ಚಿಂತಿ ಮಾಡ್ತಿ? ಎಲುಬಿನ್ಯಾಗ ಸಿಕ್ಕೊಂಡ ದವಡಿಹಲ್ಲು ಕಿತ್ತೇನಿ ನಾ. ಇದು ಒಂದ ತಾಸಿನ ಕೆಲಸ. ರವಿವಾರ ನೀ ಇದರ ಮ್ಯಾಲೆ ಹೋಗ್ತಿ” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಲೆಕ್ಕ ತಪ್ಪು ಬಿಡಿಸಿ ಉತ್ತರ ಸರಿ ಬರೆದ ವಿದ್ಯಾರ್ಥಿಯನ್ನು ನೋಡುವ ನೋಟ ಅದು. “ಖರೆ?” ಅಂದಳು. “ಖರೆ” ಅಂದೆ.

ಮೊದಲ ಕೆಲಸ, ಫೋನಿನಲ್ಲಿ ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ ಮನುಷ್ಯ ಬಿಳಿ ಮೇಜಿನ ಮೇಲೆ, ಬಿಳಿ ಅಂಗಿ ಹಾಕಿಕೊಂಡು, ಒಂದು ತೊಟ್ಟು ಎಣ್ಣೆಯೂ ಅಂಟದಂತೆ ಕೆಲಸ ಮಾಡುತ್ತಿದ್ದ. ಅವನು ಹೇಳಿದ್ದು ಇಷ್ಟು: ಬ್ರೇಕಿನ ಬಾಯೊಳಗೆ ಎದುರುಬದುರಾಗಿ ಎರಡು ಪಿಸ್ಟನ್ನು ಇರುತ್ತವೆ. ಹ್ಯಾಂಡಲ್ಲಿನ ಲಿವರ್ ಒತ್ತಿದಾಗ ಎಣ್ಣೆ ಅವನ್ನು ಹೊರಗೆ ನೂಕುತ್ತದೆ. ಅವು ಪ್ಯಾಡುಗಳನ್ನು ನೂಕಿ ಗಾಲಿಯ ನಡುವಿನ ಡಿಸ್ಕ್ ತಟ್ಟೆಯನ್ನು ಹಿಡಿಸುತ್ತವೆ. ಬಿಟ್ಟಾಗ ಹಿಂದೆ ಸರಿಯಬೇಕು. ಕೊಳೆ ಸೇರಿದರೆ ಸರಿಯುವುದಿಲ್ಲ, ಕೂತುಬಿಡುತ್ತವೆ. ಆಗ ಸ್ವಚ್ಛ ಮಾಡಿ, ಅದೇ ಬ್ರೇಕಿನ ಎಣ್ಣೆ ಹನಿಸಿ, ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು. ವಿಡಿಯೋದಲ್ಲಿ ಇದೆಲ್ಲ ಒಂದು ಹಾಡು ಮುಗಿಯುವುದರೊಳಗೆ ಆಯಿತು.

ನಮ್ಮ ಹಿತ್ತಿಲಲ್ಲಿ ಗಾಲಿ ಬಿಚ್ಚುವುದಕ್ಕೇ ಬುಧವಾರ ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಹುಸೇನ್ ಕಾಕಾ ಗೋಡೆಯ ಮೇಲೆ ಗದ್ದ ಇಟ್ಟು ನಿಂತಿದ್ದರು. ಕಾಕಾ ಗ್ರಾನೈಟ್ ಕಲ್ಲಿನ ಲಾರಿ ಓಡಿಸಿ ಈಗ ಮನೆಯಲ್ಲಿ ಆರಾಮಾಗಿರುವವರು. “ಏನಾಗೈತಿ ಡಾಕ್ಟರ?” ಅಂದರು. ಬ್ರೇಕು ಹಿಡಿದುಬಿಟ್ಟಿದೆ ಕಾಕಾ, ಎಂದೆ. ಅವರು ಗೋಡೆಯಿಂದ ಗದ್ದ ಎತ್ತಿ, “ಬ್ರೇಕು ಇರೂದ ಹಿಡಿಯಾಕ. ಹಿಡೀದಿದ್ರ ನನ್ನ ಕರಿ. ಹಿಡಿದೈತಿ ಅಂತ ಅಳೂ ಮಂದಿನ್ನ ನಾ ಇವತ್ತ ನೋಡಿದ್ನೆಪಾ” ಅಂದರು. ಆದರೂ ಹಳೆಯ ಅಭಿಮಾನ ಬಿಡದೆ ಗೋಡೆ ಸುತ್ತಿ ಬಂದು, “ಇಂಥಾವಕ್ಕ ಒಂದ ಮದ್ದ” ಎಂದು ಬ್ರೇಕಿಗೆ ಚಪ್ಪಲಿಗಾಲಿನಿಂದ ಒದ್ದರು. ಬ್ರೇಕು ಅಲುಗಲಿಲ್ಲ. ಕಾಕಾ ಒಂದು ಕಾಲಿನ ಮೇಲೆ ಕುಣಿಯುತ್ತ ಮನೆಗೆ ಹೋದರು. ಅವರ ಹೆಬ್ಬೆರಳಿಗೆ ಅರಿಷಿಣ ಹಚ್ಚಿದ ಸುದ್ದಿ ಸಂಜೆಗೆ ಬಂತು.

ಮನೆಯಲ್ಲಿ ಸರಿಯಾದ ಬೆಳಕಿಲ್ಲ, ಸಾಮಾನಿಲ್ಲ, ಅದಕ್ಕೇ ಆಗುತ್ತಿಲ್ಲ ಎಂದು ನಾನು ನಿರ್ಧರಿಸಿದೆ. ಕೆಲಸ ಬಾರದವನು ಮೊದಲು ಬೆಳಕನ್ನು ಬೈಯುತ್ತಾನೆ. ಗುರುವಾರ ಮಧ್ಯಾಹ್ನ, ರೋಗಿಗಳು ಇಲ್ಲದ ಹೊತ್ತು ನೋಡಿ, ಸೈಕಲ್ಲನ್ನು ದವಾಖಾನೆಗೆ ಒಯ್ದೆ. ಅಲ್ಲಿ ನನ್ನ ಸಹಾಯಕ್ಕೆ ಮಹಾಂತವ್ವ ಇದ್ದಾಳೆ. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಮಾತಿನಲ್ಲಿ ಇನ್ನೂ ಹಿರಿಯಳು. ನಾವಿಬ್ಬರೂ ಸೇರಿ ಸೈಕಲ್ಲನ್ನು ಎತ್ತಿ ಹಲ್ಲು ಕೀಳುವ ಕುರ್ಚಿಯ ಮೇಲೆ ಅಂಗಾತ ಮಲಗಿಸಿದೆವು. ಮೇಲಿನ ದೀಪ ಹಚ್ಚಿದೆ. ಕೈಗವಸು ಹಾಕಿಕೊಂಡು ತಿರುಗುವಷ್ಟರಲ್ಲಿ ಮಹಾಂತವ್ವ ಹ್ಯಾಂಡಲ್ಲಿನ ಕೊರಳಿಗೆ ರೋಗಿಗಳಿಗೆ ಕಟ್ಟುವ ಹಸಿರು ಬಟ್ಟೆ ಕಟ್ಟಿ ಮುಗಿಸಿದ್ದಳು.

“ಇದ್ಯಾಕ ಮಹಾಂತವ್ವ?”

“ಕುರ್ಚಿ ಮ್ಯಾಲೆ ಯಾರ ಬಂದ್ರೂ ಕಟ್ಟು ಅಂತ ನೀವ ಹೇಳೀರೆಲ್ರಿ ಸಾಹೇಬ್ರ.”

ಬಾಯೊಳಗೆ ನೋಡುವ ಸಣ್ಣ ಕನ್ನಡಿಯನ್ನು ಬ್ರೇಕಿನ ಬಾಯೊಳಗೆ ಇಟ್ಟು ನೋಡಿದೆ. ಪ್ಯಾಡುಗಳನ್ನು ಇಕ್ಕಳದಲ್ಲಿ ಹಿಡಿದು ಎಳೆದೆ, ಬಂದವು. ಒಳಗೆ ಬಿಳಿಯ ಎರಡು ಪಿಸ್ಟನ್ನುಗಳು ಒಂದಕ್ಕೊಂದು ಮುಖ ಕೊಟ್ಟು ಕೂತಿದ್ದವು, ಥೇಟ್ ಯಾವುದೋ ಆನೆಯ ದವಡೆಹಲ್ಲಿನಂತೆ. ಜೀವನದಲ್ಲಿ ಮೊದಲ ಸಲ ಆ ಸೈಕಲ್ಲಿನ ಬಗ್ಗೆ ನನಗೆ ಆತ್ಮೀಯತೆ ಹುಟ್ಟಿತು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಹಲ್ಲಿನ ಪಾಚಿ ತೆಗೆಯುವ ಮೊನೆಯಿಂದ ಸುತ್ತಲಿನ ಕೊಳೆ ಕೆರೆದೆ. ನಡುವೆ ಒಮ್ಮೆ, ಅಭ್ಯಾಸಬಲದಿಂದ, “ನೋವಾದ್ರ ಎಡಗೈ ಎತ್ತು” ಎಂದುಬಿಟ್ಟೆ. ಮಹಾಂತವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇನ್ನು ಉಳಿದದ್ದು ಲಿವರ್ ಒತ್ತಿ ಪಿಸ್ಟನ್ನುಗಳನ್ನು ಮುಂದೆ ತರುವುದು. ನಾನು ಇಲ್ಲಿ ಕನ್ನಡಿ ಹಿಡಿದು ನೋಡುವುದು, ಮಹಾಂತವ್ವ ಅತ್ತ ಹ್ಯಾಂಡಲ್ಲಿನಲ್ಲಿ ಲಿವರ್ ಒತ್ತುವುದು ಎಂದಾಯಿತು. ಇದೇ ಹೊತ್ತಿಗೆ ನಮಗೆ ಗೊತ್ತಿಲ್ಲದಂತೆ ಸಂಗಪ್ಪ ಮಾಸ್ತರು ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ನಿವೃತ್ತ ಮಾಸ್ತರು, ಸೌಮ್ಯ ಸ್ವಭಾವ, ಸ್ವಲ್ಪ ಅಂಜುಬುರುಕ. ಹಲ್ಲು ನೋವೆಂದು ಅನೇಕ ಸಲ ಬಾಗಿಲತನಕ ಬಂದು ಕಮ್ಮಿಯಾಯಿತೆಂದು ಹೋದವರು. ಅವತ್ತು ಗಟ್ಟಿ ಮನಸ್ಸು ಮಾಡಿ ಒಳಗೇ ಬಂದು ಕೂತಿದ್ದರು. ಒಳಕ್ಕೂ ಹೊರಕ್ಕೂ ನಡುವೆ ಇರುವುದು ಒಂದು ಪರದೆ ಮಾತ್ರ. ಆ ಪರದೆಯ ಆಚೆಯಿಂದ ಅವರಿಗೆ ಕೇಳಿಸಿದ್ದು ಹೀಗಿತ್ತು:

“ಮಹಾಂತವ್ವ, ಲಿವರ್ ಮೆಲ್ಲಕ ಒತ್ತು.”

“ಒತ್ತೇನ್ರಿ ಸಾಹೇಬ್ರ.”

“ಒಂದ ಕಡಿ ಅಷ್ಟ ಉಬ್ಬಾಕತ್ತೈತಿ. ಇನ್ನೊಂದ ಕಡಿ ಸತ್ತಂಗ ಕುಂತೈತಿ. ಇನ್ನೂ ಜೋರ ಒತ್ತು.”

“ಲಿವರ್ ಭಾಳ ಬಿರುಸು ಆಗೇತ್ರಿ. ಒಡದ ಗಿಡದೀತು.”

“ಒಡದ್ರ ಬ್ಯಾರೆ ಹಾಕೂಣು. ಒತ್ತು ನೀ.”

“ಅಯ್ಯ, ಎಣ್ಣಿ ಬರಾಕತ್ತೈತ್ರಿ!”

“ಬರ್ಲಿ, ಹತ್ತಿ ತುರುಕು. ಎರಡೂ ಕೈಲೆ ಒತ್ತು!”

ಮಹಾಂತವ್ವ ಹೊಲದಲ್ಲಿ ಕಳೆ ಕಿತ್ತು ಬೆಳೆದ ಹೆಂಗಸು. ಎರಡೂ ಕೈಯಲ್ಲಿ ಒತ್ತಿದಳು. ‘ಟಪ್’ ಎಂದು ಸದ್ದಾಯಿತು. ಮೊದಲೇ ಸಡಿಲಾಗಿದ್ದ ಪಿಸ್ಟನ್ನು, ಆ ಕಡೆಯ ಪಾಪದ ಪಿಸ್ಟನ್ನು, ಎಣ್ಣೆಯ ಚಿಲುಮೆಯೊಂದಿಗೆ ಹೊರಗೆ ಹಾರಿತು. ಎಣ್ಣೆ ನನ್ನ ಮುಖಕ್ಕೆ ಬಂತು. ಪಿಸ್ಟನ್ನು ನೆಲಕ್ಕೆ ಬಿದ್ದು, ಟಣಟಣ ಸದ್ದು ಮಾಡುತ್ತ ಪರದೆಯ ಕೆಳಗಿನಿಂದ ಉರುಳಿ, ಬೆಂಚಿನ ಮುಂದೆ, ಸಂಗಪ್ಪ ಮಾಸ್ತರ ಪಾದದ ಬಳಿ ಹೋಗಿ ನಿಂತಿತು. ಬೆಳ್ಳಗೆ, ದುಂಡಗೆ, ಒದ್ದೆಯಾಗಿ. ಅದನ್ನು ಹಿಡಿಯಲು ನಾನು ಪರದೆ ಸರಿಸಿ ಹೊರಗೆ ಬಂದೆ. ಕಪ್ಪು ಎಣ್ಣೆ ಸುರಿಯುವ ಮುಖ, ಕೈಯಲ್ಲಿ ಇಕ್ಕಳ. “ಹೆದರಬ್ಯಾಡ್ರಿ ಮಾಸ್ತರ, ಒಂದ ಬಂದೈತಿ, ಇನ್ನೊಂದ ಒಳಗ ಐತಿ” ಎಂದೆ. ಸಮಾಧಾನ ಹೇಳಲೆಂದೇ ಅಂದದ್ದು. ಮಾಸ್ತರು ಎದ್ದ ವೇಗ ನೋಡಿದರೆ ಅವರ ಮಂಡಿನೋವೂ ಅಂದೇ ವಾಸಿಯಾಗಿರಬೇಕು. ಚಪ್ಪಲಿ ನಮ್ಮಲ್ಲೇ ಉಳಿದವು.

ಮರುದಿನಕ್ಕೆ ಬಜಾರದಲ್ಲೆಲ್ಲ ಸುದ್ದಿಯಾಗಿತ್ತು. ಹಲ್ಲಿನ ಡಾಕ್ಟರು ಈಗ ಲಿವರ್ ಆಪರೇಷನ್ನೂ ಮಾಡುತ್ತಾರಂತೆ, ಅದೂ ಒಳಗೆ ಹೆಣ್ಣುಮಗಳೊಬ್ಬಳ ಕೈಯಲ್ಲಿ ಒತ್ತಿಸಿ. ಒಬ್ಬರಂತೂ ಬಂದು ಗಂಭೀರವಾಗಿ, “ಕಿಡ್ನಿ ಹರಳೂ ತಗೀತೀರೇನ್ರಿ?” ಎಂದು ಕೇಳಿದರು. ಶುಕ್ರವಾರ ಒಬ್ಬ ರೋಗಿಯೂ ಹಲ್ಲು ತೋರಿಸಲಿಲ್ಲ.

ನಾನಾದರೂ ಯಾವ ಮುಖದಿಂದ ತೋರಿಸಲಿ? ಕೂತ ಪಿಸ್ಟನ್ನು ಕೂತಲ್ಲೇ ಇತ್ತು. ಕೆಲಸ ಮಾಡುತ್ತಿದ್ದ ಪಿಸ್ಟನ್ನನ್ನು ನಾನು ಕಿತ್ತು ಹೊರಗೆ ಹಾಕಿದ್ದೆ. ಹಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಹುಳುಕು ಬಿಟ್ಟು ಗಟ್ಟಿ ಹಲ್ಲು ಕಿತ್ತಿದ್ದೆ. ಮೇಲಾಗಿ ಎಣ್ಣೆಯೆಲ್ಲ ಖಾಲಿ. ಬಾಗಲಕೋಟೆಯ ಸೈಕಲ್ ಅಂಗಡಿಗೆ ಫೋನ್ ಮಾಡಿ ಬೇಡಿಕೊಂಡೆ. ಅವರು ಬ್ರೇಕಿನ ಎಣ್ಣೆಯ ಬಾಟಲಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದರು. ನಾನು ಶನಿವಾರ ಮಧ್ಯಾಹ್ನ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ, ಮಗಳ ಬಾಣಂತನಕ್ಕೆ ಬರುವ ಬೀಗಿತಿಯನ್ನು ಕಾಯುವವನಂತೆ, ಬಸ್ಸಿನ ಬಾಗಿಲು ಬಾಗಿಲಿಗೆ ಇಣುಕುತ್ತ ನಿಂತಿದ್ದೆ.

ಬಾಟಲಿ ಹಿಡಿದು ದವಾಖಾನೆಗೆ ಬಂದರೆ ಗಿರಿಜಾ ಆಗಲೇ ಬಂದು ಕೂತಿದ್ದಳು. ಶನಿವಾರ ಬೆಳಗಿನ ಸಾಲಿ ಮುಗಿಸಿ ಮನೆಗೆ ಹೋಗುವ ಮೊದಲು ಅವಳಿಗೆ ಲಿವರಿನ ಸುದ್ದಿ ಬಸ್ಸಿನಲ್ಲೇ ಮುಟ್ಟಿತ್ತು. ಕುರ್ಚಿಯ ಮೇಲೆ ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ ಸೈಕಲ್ಲನ್ನು ನೋಡುತ್ತಿದ್ದಳು. ಬೈಯುತ್ತಾಳೆಂದು ನಾನು ಬಾಗಿಲಲ್ಲೇ ನಿಂತೆ. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಅವಳು ನಗುತ್ತಿದ್ದಳು. ಉಸಿರು ಸಿಗದಂತೆ, ಕಣ್ಣೀರು ಬರುವಂತೆ ನಗುತ್ತಿದ್ದಳು. “ಆಗದಿದ್ರ ಬಿಡ್ರಿ” ಎಂದು ಕಣ್ಣೊರೆಸಿಕೊಂಡಳು. “ನಾ ಟೆಂಪೋದಾಗ ಬುಟ್ಟಿ ಹಿಡಕೊಂಡು ಹೋಗ್ತೇನಿ. ಇದನ್ನ ನೋಡಿದ್ನೆಲ್ಲ, ಸಾಕು.” 

ಅವಳು ನಗುತ್ತಲೇ ಅಂದಳು. ಆದರೆ ಬುಟ್ಟಿ ಎಂಬ ಮಾತಿಗೆ ಬಂದಾಗ ಆ ನಗು ಸ್ವಲ್ಪ ಜಾರಿತು. ನನಗೆ ತಡೆಯಲಾಗಲಿಲ್ಲ. “ಇನ್ನೊಂದ ಸಲ ನೋಡೂಣು, ನೀ ಹಿಡಿ” ಎಂದೆ.

ಹಾರಿದ ಪಿಸ್ಟನ್ನನ್ನು ತೊಳೆದು ಕೂಡಿಸಿದೆವು. ದೊಡ್ಡ ಸಿರಿಂಜಿನಿಂದ ಎಣ್ಣೆ ತುಂಬಿ, ಒಳಗಿನ ಗಾಳಿ ಹೊರಗೆ ಹಾಕಿದೆ. ಈ ಒಂದು ಕೆಲಸ ಮಾತ್ರ ನಾನು ಚಲೋ ಮಾಡಿದೆ. ಸೂಜಿ ಚುಚ್ಚುವುದು ನನ್ನ ಹೊಟ್ಟೆಪಾಡು. ಆಮೇಲೆ ಗಿರಿಜಾ ರೋಗಿಗಳ ಬಾಯಿ ಮುಚ್ಚದಂತೆ ಇಡುವ ರಬ್ಬರಿನ ತುಂಡನ್ನು ತೆಗೆದುಕೊಂಡು, ಸಡಿಲಾಗಿದ್ದ ಪಿಸ್ಟನ್ನು ಅಲುಗದಂತೆ ಅದರ ಮುಖಕ್ಕೆ ಒತ್ತಿ ಹಿಡಿದಳು. ಈಗ ಎಣ್ಣೆಗೆ ಹೋಗಲು ಬೇರೆ ದಾರಿಯಿಲ್ಲ, ಕೂತವನನ್ನೇ ಎಬ್ಬಿಸಬೇಕು. ನಾನು ಲಿವರ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಗಿರಿಜಾ ಕೆಳತುಟಿ ಕಚ್ಚಿಕೊಂಡು ಬ್ರೇಕಿನ ಬಾಯನ್ನೇ ನೋಡುತ್ತಿದ್ದಳು.

“ಅಲ್ಲಾಡಿತ್ರಿ.”

“ಖರೆ?”

“ಕೂದಲೆಳಿಯಷ್ಟ. ಮತ್ತ ಒತ್ತರಿ, ಮೆಲ್ಲಕ.”

ಒತ್ತಿದೆ. ಮುಂದೆ ಬಂತು. ಸ್ಪಿರಿಟ್ಟಿನಿಂದ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಹಿಂದೆ ನೂಕಿದೆವು. ಮತ್ತೆ ಮುಂದೆ, ಮತ್ತೆ ಹಿಂದೆ. ಹೊರಗೆ ಕೈಮಗ್ಗದ ಸದ್ದು ನಡೆದಿತ್ತು. ಅದರ ತಾಳಕ್ಕೇ ನಮ್ಮ ಪಿಸ್ಟನ್ನೂ ಆಡತೊಡಗಿತು. ಕೊನೆಗೆ ಎರಡೂ ಒಟ್ಟಿಗೆ ಬಂದು ಒಟ್ಟಿಗೆ ಹಿಂದೆ ಸರಿದಾಗ ಮಹಾಂತವ್ವ ಚಪ್ಪಾಳೆ ತಟ್ಟಿದಳು. ಗಿರಿಜಾ ಕೈಯೊರೆಸಿಕೊಳ್ಳುತ್ತ, “ಮನ್ಯಾಗೂ ಹಿಂಗ ಮಾಡಬೇಕ್ರಿ” ಅಂದಳು.

“ಹೆಂಗ?”

“ದುಡಿಯೂದನ್ನ ಒಂದೀಟು ಹಿಡದು ಕುಂದರಿಸಿದ್ರ ಕುಂತದ್ದು ತಾನ ಏಳತೈತಿ. ನಾ ಒಂದ ವಾರ ಕೈ ಕಟಗೊಂಡು ಕುಂತು ನೋಡ್ತೇನಿ, ನೀವು ಎಷ್ಟ ಅಲ್ಲಾಡ್ತೀರಿ ಅಂತ.”

ಮಹಾಂತವ್ವ ಎರಡನೆಯ ಸಲ ಚಪ್ಪಾಳೆ ತಟ್ಟಿದಳು. ಮೊದಲಿನದಕ್ಕಿಂತ ಜೋರಾಗಿತ್ತು.

ರವಿವಾರ ಬೆಳಿಗ್ಗೆ ಬಾದಾಮಿಯಲ್ಲಿ ಸೈಕಲ್ಲುಗಳು ಟೆಂಪೋದಿಂದ ಇಳಿದವು. ಅಕ್ಕೋರುಗಳು ಏರಿದರು. ರೊಟ್ಟಿ ಬುಟ್ಟಿ ಹಿಡಿಯಲು ಯಾರಾದರೂ ಬೇಕಿತ್ತಲ್ಲ, ನನ್ನನ್ನು ಕೂಡಿಸಿದರು. ತೊಡೆಯ ಮೇಲೆ ಖಟಕ್ ರೊಟ್ಟಿ, ಕಾಲ ಬಳಿ ಶೇಂಗಾ ಚಟ್ನಿ, ಮೊಸರಿನ ಡಬ್ಬಿ. ಗಿರಿಜಾ ನನ್ನತ್ತ ನೋಡಲೂ ಇಲ್ಲ. ಸೀಟಿನ ಮೇಲೆ ಕೂತು, ಒಮ್ಮೆ ಅಲುಗಾಡಿ, ಆಮೇಲೆ ಕೆರೂರಿನ ಸಂತೆಯಲ್ಲಿ ಹೊರಟವಳಂತೆ ಹೊರಟುಬಿಟ್ಟಳು.

ಮೊದಲ ತಿರುವಿನಲ್ಲಿ ಬ್ರೇಕು ಹಿಡಿದಾಗಲೇ ನನಗೆ ನಾನು ಮಾಡಿದ ಇನ್ನೊಂದು ಘನಕಾರ್ಯ ಗೊತ್ತಾದದ್ದು. ಗುರುವಾರದ ಚಿಲುಮೆಯಲ್ಲಿ, ಬಿಚ್ಚಿ ಪಕ್ಕದಲ್ಲಿಟ್ಟಿದ್ದ ಪ್ಯಾಡುಗಳಿಗೂ ಎಣ್ಣೆ ಸಿಡಿದಿತ್ತು. ಒರೆಸಿದ್ದೆ ನಿಜ, ಆದರೆ ಅವು ಕುಡಿದು ಮುಗಿಸಿದ್ದವು. ಬ್ರೇಕು ಹಿಡಿಯುತ್ತಿತ್ತು, ತುಸು ನಿಧಾನಕ್ಕೆ. ಹಿಡಿಯುವಾಗ ಮಾತ್ರ ಹಂದಿಯನ್ನು ಕಟ್ಟಿ ಎಳೆದಂತೆ ಕಿರುಚುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಬಾದಾಮಿಯ ಮಂಗಗಳು, ಯಾರ ಕೈಯಿಂದ ಏನನ್ನಾದರೂ ಕಿತ್ತುಕೊಳ್ಳಲು ಹೆದರದ ಮಂಗಗಳು, ಮರಿಗಳನ್ನು ಅವಚಿಕೊಂಡು ಮರ ಹತ್ತಿದವು. ಬನಶಂಕರಿ ದಾಟಿ ಮುಂದೆ ಹೋದಾಗ ಇಳಿಜಾರಿನಲ್ಲಿ ಕುರಿಯ ಹಿಂಡೊಂದು ರಸ್ತೆ ತುಂಬ ಹರಡಿಕೊಂಡಿತ್ತು. ಎಲ್ಲರಿಗಿಂತ ಮುಂದೆ ಗಿರಿಜಾ, ವೇಗದಲ್ಲಿ. ನಾನು ಟೆಂಪೋದಲ್ಲಿ ರೊಟ್ಟಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡೆ. ಮೇಲಿನ ರೊಟ್ಟಿಗಳು ಪುಡಿಯಾದ ಸದ್ದು ಕೇಳಿಸಿತು. ಆ ಕ್ಷಣ ನನಗೆ ನನ್ನ ಮಣಿಕಟ್ಟಿನ ಮೇಲೆ ಕಿಂಚಿತ್ತೂ ನಂಬಿಕೆ ಉಳಿದಿರಲಿಲ್ಲ. ಅವಳು ಲಿವರ್ ಒತ್ತಿದಳು. ಆ ಕಿರುಚಾಟಕ್ಕೆ ಹಿಂಡು ಎರಡು ಭಾಗವಾಗಿ ನಡುವೆ ದಾರಿ ಬಿಟ್ಟಿತು. ಸೈಕಲ್ಲು ಕೊನೆಯ ಕುರಿಯ ಬಾಲದ ಹಿಂದೆ ಬಂದು ಸರಿಯಾಗಿ ನಿಂತಿತು. ಕಂಬಳಿ ಹೊದ್ದ ಕುರುಬರ ಅಜ್ಜ ಕಿವಿಯಿಂದ ಬೆರಳು ತೆಗೆದು, “ಯಕ್ಕಾ, ಈ ಪೀಪಿ ಎಲ್ಲಿ ಸಿಗತೈತಿ? ನನಗೂ ಒಂದ ಬೇಕಾಗಿತ್ತು” ಎಂದ.

ಆಮೇಲೆ ಇಡೀ ಗುಂಪು ಗಿರಿಜಾಳನ್ನೇ ಮುಂದೆ ಬಿಟ್ಟುಕೊಂಡಿತು, ರಸ್ತೆ ತೆರವಾಗಲೆಂದು. ಸುನಂದಾ ಅಕ್ಕೋರ ಸೈಕಲ್ಲು ಅರ್ಧ ದಾರಿಯಲ್ಲಿ ಪಂಕ್ಚರಾಗಿ, ಅವರು ಟೆಂಪೋ ಹತ್ತಿ ನನ್ನ ಪಕ್ಕ ಕೂತರು. ನಾನು ಬುಟ್ಟಿಯನ್ನು ಅವರ ತೊಡೆಯ ಮೇಲೆ ಇಟ್ಟೆ. ಶಿವಯೋಗ ಮಂದಿರಕ್ಕೆ ನಾವು ಮುಟ್ಟಿದಾಗ ಗಿರಿಜಾ ಹೊಳೆಯ ದಂಡೆಯಲ್ಲಿ ಕಾಲು ನೀರಿಗೆ ಬಿಟ್ಟು ಕೂತಿದ್ದಳು. ಮುಖ ಕೆಂಪಗೆ, ಕೂದಲು ಕೆದರಿ, ಹುಬ್ಬಿನ ಮೇಲೆ ಎಣ್ಣೆಯ ಮಸಿ. “ಭಾಳ ಚಲೋ ಹಿಡೀತೈತ್ರಿ” ಅಂದಳು. ಪುಡಿಯಾದ ರೊಟ್ಟಿಯನ್ನೇ ಮೊಸರಿನಲ್ಲಿ ಕಲಸಿ ಇಬ್ಬರೂ ತಿಂದೆವು. ನಾನು ಜೀವನದಲ್ಲಿ ಕಿತ್ತ ಯಾವ ಹಲ್ಲಿಗೂ ಇಷ್ಟು ದೊಡ್ಡ ಪ್ರಶಸ್ತಿ ಬಂದಿರಲಿಲ್ಲ.

ಸೋಮವಾರ ಹುರುಪಿನಿಂದ ದವಾಖಾನೆ ತೆರೆದೆ. ಹೊಸ ಅಂಗಿ, ತೊಳೆದ ಕುರ್ಚಿ. ಬಹಳ ಹೊತ್ತು ಯಾರೂ ಬರಲಿಲ್ಲ. ಕೊನೆಗೊಬ್ಬರು ಬಂದರು. ಪೂರ್ತಿ ಅಪರಿಚಿತರು. ಕೆನ್ನೆ ಊದಿತ್ತು, ಟವೆಲ್ಲಿನಿಂದ ದವಡೆ ಕಟ್ಟಿಕೊಂಡಿದ್ದರು, ಒಂದು ಕಣ್ಣು ಮುಚ್ಚಿಹೋಗಿತ್ತು. ದೂರದಿಂದಲೇ ನನಗೆ ಗೊತ್ತಾಯಿತು, ಕೆಳದವಡೆ, ಬೇರಿನಲ್ಲಿ ಕೀವು. ಕೈ ತಾನಾಗಿ ಇಕ್ಕಳದ ಕಡೆ ಹೋಯಿತು. “ಬರ್ರಿ ಬರ್ರಿ, ಕುರ್ಚಿ ಮ್ಯಾಲೆ ಮಲಗ್ರಿ, ಭಾಳ ಬ್ಯಾನಿ ಆಗಿರಬೇಕು” ಎಂದೆ.

ಅವರು ಮೆಟ್ಟಿಲ ಮೇಲೆ ಒರಗಿಸಿಟ್ಟಿದ್ದ ಸೈಕಲ್ಲನ್ನು ನೂಕಿಕೊಂಡು ಒಳಗೆ ಬಂದರು.

“ಬ್ಯಾನಿ ಭಾಳ ಐತ್ರಿ” ಎಂದರು, ಮುಚ್ಚಿದ ಬಾಯಿಯಲ್ಲೇ. “ಅದಕ್ಕ ಹಲ್ಲು ತೋರಸಾಕ ಬಾಗಲಕೋಟಿಗೆ ಹೊಂಟೇನಿ. ನಾ ತಿರುಗಿ ಬರೂದ್ರಾಗ ಇದರ ಬ್ರೇಕ್ ಬಿಚ್ಚಿ ಇಡ್ರಿ ಡಾಕ್ಟರ.”